ರೈಲು ಭಟ್ಟರ ತಿದ್ದುಪಡಿ

2003ರ ಫೆಬ್ರುವರಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ, ನರಸಿಂಹರಾಜಪುರದಲ್ಲಿ ನಡೆಯುತ್ತಿದ್ದ ಗೃಹಪ್ರವೇಶವೊಂದರ ಸಂಕಲ್ಪ ಅರ್ಧಕ್ಕೆ ನಿಂತಿತು. ಹೊಸ ಮನೆ ರೈಲು ಹಳಿಯ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದು ಪುರೋಹಿತರಿಗೆ ಖಚಿತವಾಗಲಿಲ್ಲ. ಊರಿನಲ್ಲಿ ಆಗ ರೈಲು ಹಳಿ ಇರಲಿಲ್ಲ. ಅದನ್ನು ಕಿತ್ತು ಒಂದು ತಲೆಮಾರಿಗೂ ಹೆಚ್ಚು ಕಾಲ ಕಳೆದಿತ್ತು.

ಪುರೋಹಿತರ ಹೆಸರು ಸುಬ್ರಾಯ ಭಟ್ಟರು. ಕೊಪ್ಪದಿಂದ ನರಸಿಂಹರಾಜಪುರದವರೆಗೆ ಅವರನ್ನು ಎಲ್ಲರೂ ರೈಲು ಭಟ್ರು ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವರೂ ಓಗೊಡುತ್ತಿದ್ದರು.

ಸಂಕಲ್ಪವೆಂದರೆ ಪೂಜೆಗೆ ಮೊದಲು ದೇವರಿಗೆ ಕೊಡುವ ವಿಳಾಸ. ಯಾರು ಮಾಡುತ್ತಿದ್ದಾರೆ, ಯಾವ ಹೊತ್ತಿನಲ್ಲಿ, ಭೂಮಿಯ ಮೇಲೆ ಯಾವ ಜಾಗದಲ್ಲಿ ಎಂಬುದನ್ನು ಹೇಳುವುದು ಕ್ರಮ. ಶ್ವೇತವರಾಹ ಕಲ್ಪದಿಂದ ಹೊರಟ ಮಂತ್ರ ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದು ಇಳಿಯುತ್ತ ಬಂದು ಕೊನೆಗೆ ಯಜಮಾನನ ಗೋತ್ರ, ನಕ್ಷತ್ರ, ಹೆಸರಿಗೆ ನಿಲ್ಲುತ್ತದೆ. ಉಳಿದ ಪುರೋಹಿತರು ಗೋದಾವರಿಯಾದ ಮೇಲೆ ಬೇಕಿದ್ದರೆ ಹತ್ತಿರದ ನದಿಯೊಂದನ್ನು ಹೆಸರಿಸಿ ಮುಂದೆ ಹೋಗುತ್ತಾರೆ. ಸುಬ್ರಾಯ ಭಟ್ಟರು ನದಿ ಹೇಳುತ್ತಿರಲಿಲ್ಲ. “ಲಘುಧೂಮಶಕಟಮಾರ್ಗಸ್ಯ ಉತ್ತರೇ ಪಾರ್ಶ್ವೇ” ಎನ್ನುತ್ತಿದ್ದರು. ಸಣ್ಣ ಹೊಗೆಬಂಡಿಯ ದಾರಿಯ ಉತ್ತರ ಮಗ್ಗುಲಲ್ಲಿ ಎಂದು ಅರ್ಥ. ಹಾಗೆನ್ನುವಾಗ ದರ್ಭೆಯ ಉಂಗುರ ತೊಟ್ಟ ಬಲಗೈಯನ್ನು ಚಾಚಿ ಹಳಿ ಇದ್ದ ದಿಕ್ಕನ್ನು ತೋರಿಸುತ್ತಿದ್ದರು. ದೇವರು ತಿರುಗಿ ನೋಡಿಕೊಳ್ಳಲಿ ಎಂಬಂತೆ ಒಂದು ಗಳಿಗೆ ತಡೆಯುತ್ತಿದ್ದರು.

ನಾನು ಆಗ ಕೊಪ್ಪದಲ್ಲಿದ್ದುಕೊಂಡು ಜಿಲ್ಲಾ ಪತ್ರಿಕೆಯೊಂದಕ್ಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಗೃಹಪ್ರವೇಶದ ಮನೆಯ ಯಜಮಾನರು ಪರಿಚಯದವರು. ಊಟಕ್ಕೆಂದು ಹೋದವನು ಸಂಕಲ್ಪಕ್ಕೇ ಸಿಕ್ಕಿಬಿದ್ದೆ. “ಲಘುಧೂಮಶಕಟಮಾರ್ಗಸ್ಯ” ಎಂದ ಭಟ್ಟರ ಕೈ ಬಲಕ್ಕೆ ಹೋಗಿ, ಎಡಕ್ಕೆ ಬಂದು, ಮತ್ತೆ ಬಲಕ್ಕೆ ಹೋಗಿ ಗಾಳಿಯಲ್ಲೇ ನಿಂತಿತು.

“ಭಟ್ರೆ, ಮುಹೂರ್ತ ಮೀರ್ತದೆ,” ಎಂದರು ಯಜಮಾನರು.

“ಮೀರ್ಲಿ ಬಿಡಿ. ತಪ್ಪು ವಿಳಾಸಕ್ಕೆ ಬೇಗ ಕಳಿಸಿ ಎಂತ ಪ್ರಯೋಜನ?”

ಭಟ್ಟರು ಎದ್ದು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು. ಹಿಂದೆ ಯಜಮಾನರು, ಕಲಶ ಹಿಡಿದ ಅವರ ಹೆಂಡತಿ, ಅವರ ಹಿಂದೆ ಮನೆ ತುಂಬಿಸಲು ತಂದಿದ್ದ ಹಸು, ಅದರ ಕರು. ಭಟ್ಟರು ರಸ್ತೆಯ ನಡುವೆ ನಿಂತು ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಬೀದಿಯ ಉದ್ದವನ್ನೂ ಅದರ ತುದಿಯ ತಿರುವನ್ನೂ ಅಳೆದರು. ಆಮೇಲೆ ಒಳಗೆ ಬಂದು ಮಣೆಯ ಮೇಲೆ ಕೂತು, ಹಳಿ ಈ ಮನೆಯ ಹಾಲ್‌ನಲ್ಲಿ ಓರೆಯಾಗಿ ಹಾಯುತ್ತಿತ್ತೆಂದೂ ದೇವರ ಕೋಣೆ ಒಂದು ಮಗ್ಗುಲಿಗೆ, ಅಡುಗೆಮನೆ ಇನ್ನೊಂದು ಮಗ್ಗುಲಿಗೆ ಬರುತ್ತದೆಂದೂ ಹೇಳಿದರು. “ಮಾರ್ಗಸ್ಯ ಮಧ್ಯೇ” ಎಂದು ಸಂಕಲ್ಪ ಮುಗಿಸಿದರು. ಮುಗಿಸಿದವರು ದಂಪತಿಯನ್ನು ಅವಸರಿಸಿದರು.

“ಬೇಗ ಬೇಗ ಅಕ್ಷತೆ ಹಾಕಿ ಏಳಿ. ಹಳಿ ಮೇಲೆ ಹೆಚ್ಚು ಹೊತ್ತು ಕೂರದು ಒಳ್ಳೇದಲ್ಲ.”

ಮನೆ ತುಂಬ ಜನ ನಕ್ಕರು. ಭಟ್ಟರು ನಗಲಿಲ್ಲ.

ಊಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ನನ್ನದು. ನದಿಯನ್ನು ಬಿಟ್ಟು ರೈಲನ್ನು ಯಾಕೆ ಹಿಡಿದುಕೊಂಡಿರಿ ಎಂದು ಕೇಳಿದೆ. ಅವರು ಸಾರಿಗೆ ಕಟ್ಟೆ ಕಟ್ಟುತ್ತ ಉತ್ತರ ಕೊಟ್ಟರು.

“ಭದ್ರೆಯ ತೀರ ಅನ್ನಬೋದಿತ್ತು ಮಾರಾಯ್ರೆ. ಯಾವ ತೀರ? ಡ್ಯಾಮು ಕಟ್ಟಿದ ಮೇಲೆ ಮಳೆಗಾಲದಲ್ಲಿ ತೀರ ಒಂದು ಕಡೆ, ಬೇಸಿಗೆಲಿ ಇನ್ನೊಂದು ಕಡೆ. ಪೂಜೆ ಶುರು ಮಾಡೋವಾಗ ದಡದಲ್ಲಿದ್ದೋನು ಮಂಗಳಾರತಿ ಹೊತ್ತಿಗೆ ನೀರಲ್ಲಿರ್ತಾನೆ. ದೇವರು ಹುಡುಕೋದು ಎಲ್ಲಿ ಅಂತ?”

“ರೈಲೂ ಇಲ್ಲವಲ್ಲ ಭಟ್ರೆ?”

“ಇಲ್ದೇ ಇರೋದು ಅಲ್ಲಾಡಲ್ಲ,” ಎಂದು ಪಾಯಸಕ್ಕೆ ಕೈ ಹಾಕಿದರು.

ಆ ರೈಲಿನ ಬಗ್ಗೆ ಸಂಶಯವಿಲ್ಲದೆ ಹೇಳಬಹುದಾದದ್ದು ಇಷ್ಟು. ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಸಣ್ಣ ರೈಲು ಓಡುತ್ತಿತ್ತು. ಹಳಿಯಿಂದ ಹಳಿಗೆ ಎರಡೇ ಅಡಿ; ಭಟ್ಟರ ಭಾಷೆಯಲ್ಲಿ ಎರಡು ಮಣೆ ಜೋಡಿಸಿ ಇಟ್ಟಷ್ಟು ಅಗಲ. ಕಾಡಿನ ಮರ, ಮಲೆನಾಡಿನ ಮಾಲು, ಜಾಗ ಉಳಿದರೆ ಮನುಷ್ಯರು ಅದರಲ್ಲಿ ಹೋಗುತ್ತಿದ್ದರು. ಎಡೇಹಳ್ಳಿ ಎಂದಿದ್ದ ಊರಿಗೆ ಈಗಿನ ಹೆಸರು ಬಂದದ್ದೂ ಆ ದಿನಗಳಲ್ಲೇ ಎಂದು ಹಳಬರು ಹೇಳುತ್ತಾರೆ. ಆಮೇಲೆ ರೈಲು ನಿಂತಿತು, ಹಳಿ ಕಿತ್ತರು. ದಾರಿಯ ಒಂದಷ್ಟು ಭಾಗ ಹಿನ್ನೀರಿನ ಅಡಿಯಲ್ಲಿದೆ ಎನ್ನುತ್ತಾರೆ.

ಉಳಿದ ಇತಿಹಾಸಕ್ಕೆಲ್ಲ ಮೂಲ ಸುಬ್ರಾಯ ಭಟ್ಟರು. ಅವರು ಹುಟ್ಟಿದ್ದು ಊರಿನಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಕೂಗು ಕೇಳಿದ ನೆನಪಿದೆ, ಬಂಡಿ ಕಂಡ ನೆನಪಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ಆದರೆ ಅವರ ತಂದೆಗೂ ಅದಕ್ಕೂ ಬಹಳ ಬಳಕೆ. ತಂದೆಯೂ ಪುರೋಹಿತರೇ. ಮಡಿಯಲ್ಲಿದ್ದಾಗ ಹತ್ತು ಜನ ಕೂತ ಬೆಂಚಿನ ಮೇಲೆ ಕೂರುವಂತಿಲ್ಲ, ಹತ್ತಿರ ನಿಲ್ಲುವಂತಿಲ್ಲ.

“ಅಪ್ಪಯ್ಯ ಟಿಕೇಟು ತಗಳ್ತಿದ್ರು. ಪಂಚಪಾತ್ರೆ, ದರ್ಭೆ, ತೆಂಗಿನಕಾಯಿ ಗಂಟು ಎಲ್ಲ ರೈಲಲ್ಲಿ. ಅವ್ರು ಮಾತ್ರ ಪಕ್ಕದಲ್ಲಿ ನಡ್ಕೊಂಡು. ಒಳಗೆ ಕೂತೋರ ಜೊತೆ ಮದುವೆ, ಮುಂಜಿ, ಜಾತಕ ಎಲ್ಲ ಮಾತಾಡ್ತಾ ಹೋಗೋದು. ಇಳಿಜಾರಲ್ಲಿ ರೈಲು ಜೋರಾಗಿ ಬಿಟ್ರೆ ಮಾತು ಅಲ್ಲಿಗೇ ನಿಲ್ತಿತ್ತು. ಮುಂದಿನ ಏರಲ್ಲಿ ಇವರು ಹಿಡಿದ ಮೇಲೆ ಮುಂದುವರೀತಿತ್ತು.”

“ಏರಲ್ಲಿ ಯಾವಾಗಲೂ ಸಿಗುತ್ತಿತ್ತಾ?”

“ಸಿಗದೆ ಎಲ್ಲಿಗೆ ಹೋಗ್ತದೆ? ಗಂಟು ಅದ್ರಲ್ಲಿತ್ತಲ್ಲ.”

ಆಯುಧಪೂಜೆಗೆ ಇಂಜಿನ್ನಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದುದೂ ತಂದೆಯೇ. ಒಂದು ವರ್ಷ ಡ್ರೈವರ್ ಕೆಳಗಿಳಿದು ಬಂದು ನಾಲ್ಕೂ ನಿಂಬೆಹಣ್ಣು ಎತ್ತಿಕೊಂಡು ಹೋಗಿ ಪಾನಕ ಮಾಡಿಕೊಂಡು ಕುಡಿದನಂತೆ. ಆ ದಿನ ಇಂಜಿನ್ನು ಹೊರಡಲಿಲ್ಲ. “ಹೊರಡದೆ ಇದ್ದದ್ದು ನಿಂಬೆಹಣ್ಣಿಗೋ, ಸೌದೆ ಹಸಿಯಾಗಿತ್ತೋ, ನಂಗೆ ಗೊತ್ತಿಲ್ಲ,” ಎಂದು ಭಟ್ಟರು ಸೇರಿಸುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಮೂಲಗಳು ನಮ್ಮ ಕಸುಬಿನಲ್ಲಿ ಸಿಗುವುದು ಕಡಿಮೆ. ಅದರಿಂದಲೇ ಅವರ ಉಳಿದ ಮಾತುಗಳ ಮೇಲೆ ನನಗೆ ನಂಬಿಕೆ ಬೆಳೆದದ್ದು.

ಭಟ್ಟರು ಎತ್ತರದ ಆಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಲ್ಲುತ್ತಿದ್ದರು. ಹಳಿ ರಸ್ತೆಯನ್ನು ದಾಟುತ್ತಿದ್ದ ಜಾಗ ಬಂದಾಗ ಡ್ರೈವರ್ ಭುಜ ತಟ್ಟಿ, “ಹಾರ್ನ್ ಮಾಡಾ, ಗೇಟಿಲ್ಲ ಇಲ್ಲಿ,” ಎನ್ನುತ್ತಿದ್ದರು. ಮೊದಮೊದಲು ಡ್ರೈವರುಗಳು ತಮಾಷೆಗೆ ಹಾರ್ನ್ ಮಾಡಿದರು. ಆಮೇಲೆ ರೂಢಿಯಾಯಿತು, ಭಟ್ಟರು ಬಸ್ಸಿನಲ್ಲಿ ಇಲ್ಲದಾಗಲೂ ಮಾಡಿದರು. ಹೊಸದಾಗಿ ಸೇರಿದವರು ಹಳಬರನ್ನು ನೋಡಿ ಮಾಡಿದರು. ಒಮ್ಮೆ ಹೊಸ ಡ್ರೈವರ್ ಒಬ್ಬನನ್ನು ನಾನೇ ಕೇಳಿದೆ, ತಿರುವಿಲ್ಲ, ಶಾಲೆ ಇಲ್ಲ, ಇಲ್ಲಿ ಯಾಕೆ ಹಾರ್ನು? “ಇಲ್ಲಿ ಎಂತದೋ ಇದೆಯಂತೆ ಸಾರ್, ಮಾಡದಿದ್ರೆ ಆಗಲ್ವಂತೆ,” ಎಂದ.

2006ರಲ್ಲಿ ಆ ರೈಲಿನ ಮಾತು ಮತ್ತೆ ಎದ್ದಿತು. ಹಳೆಯ ಉಗಿ ಇಂಜಿನ್ನನ್ನು ತರಿಸಿ, ಸಾಧ್ಯವಿರುವಷ್ಟು ದೂರ ಹಳಿ ಹಾಕಿಸಿ, ಊಟಿಯಲ್ಲಿರುವಂತೆ ಪ್ರವಾಸಿಗರಿಗಾಗಿ ಓಡಿಸಬೇಕೆಂದು ಉತ್ಸಾಹಿಗಳು ಸಭೆ ಸೇರಿದರು. ಶೃಂಗೇರಿಗೆ ಬರುವ ಯಾತ್ರಿಕರಲ್ಲಿ ಒಂದು ಪಾಲು ಇತ್ತ ತಿರುಗಿದರೂ ಸಾಕು ಎಂಬುದು ಅವರ ಲೆಕ್ಕ. ಹಳಿ ಊರೊಳಗೆ ಎಲ್ಲಿ ಹಾಯುತ್ತಿತ್ತು ಎಂದು ಹೇಳಲು ಭಟ್ಟರನ್ನು ಕರೆದರು. ಅವರು ಎದ್ದು ನಿಂತು, ಹಳೇಪೇಟೆಯ ಹಿಂದಿನ ಬೀದಿಯಲ್ಲಿ, ಮನೆಗಳ ಮುಂದೆ, ಈಗಿನ ರಸ್ತೆ ಇರುವಲ್ಲೇ ಹಳಿ ಇತ್ತೆಂದು ಹೇಳಿದರು. ಹುಡುಗನಾಗಿದ್ದಾಗ ಅಲ್ಲಿ ಹಳಿಯನ್ನು ಕಂಡಿದ್ದೇನೆ, ಅದರ ಮೇಲೆ ನಡೆದಿದ್ದೇನೆ ಎಂದರು. ನಾನು ಸಣ್ಣ ರೈಲಿನ ಇತಿಹಾಸ ಎಂದು ಅರ್ಧ ಪುಟ ಬರೆದೆ. ಊರೊಳಗಿನ ದಾರಿಯ ವಿಚಾರ ಬಂದಲ್ಲಿ ‘ಸುಬ್ರಾಯ ಭಟ್ಟರ ಪ್ರಕಾರ’ ಎಂದು ಸೇರಿಸಿದೆ.

ಅದಾದ ಶ್ರಾವಣದಲ್ಲಿ ಅದೇ ಹಿಂದಿನ ಬೀದಿಯ ಜಯಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಜಯಕ್ಕ ಹುಟ್ಟಿ ಬೆಳೆದ ಮನೆ ಅದು. ಗಂಡ ಶೇಷಗಿರಿ ಮನೆ ಅಳಿಯ. ಅವರ ಮದುವೆಯೂ ಅದೇ ಅಂಗಳದಲ್ಲಿ, ಸುಬ್ರಾಯ ಭಟ್ಟರ ಪೌರೋಹಿತ್ಯದಲ್ಲೇ ಆಗಿತ್ತು. ಪೂಜೆಯ ದಿನ ನಾನು ಅಲ್ಲಿರಲಿಲ್ಲ. ಇದ್ದ ಮೂವರನ್ನು ಬೇರೆ ಬೇರೆಯಾಗಿ ಕೇಳಿ, ಮೂವರ ಮಾತೂ ಕೂಡುವಷ್ಟನ್ನು ಬರೆಯುತ್ತಿದ್ದೇನೆ.

ಪೂಜೆಗೆ ಬಂದವರಲ್ಲಿ ಪುಟ್ಟಮ್ಮ ಎಂಬ ಮುದುಕಿ ಇದ್ದರು. ಆ ಬೀದಿಯಲ್ಲೇ ಹುಟ್ಟಿ, ಮದುವೆಯಾಗಿ ತರೀಕೆರೆ ಕಡೆ ಹೋದವರು. ಎಷ್ಟೋ ವರ್ಷದ ಮೇಲೆ ಪಕ್ಕದ ಮನೆಗೆ ಮೊಮ್ಮಗಳನ್ನು ನೋಡಲು ಬಂದಿದ್ದರು. ನಮ್ಮ ಭಟ್ರು ಮಂತ್ರದಲ್ಲೇ ರೈಲು ಬಿಡುತ್ತಾರೆ, ಕೈ ತೋರಿಸುವಾಗ ನೋಡಿ ಎಂದು ಜಯಕ್ಕ ಮೊದಲೇ ಹೇಳಿಟ್ಟಿದ್ದರು. ಭಟ್ಟರು ಪೂರ್ವಕ್ಕೆ ಮುಖ ಮಾಡಿ ಕೂತು, “ಉತ್ತರೇ ಪಾರ್ಶ್ವೇ” ಎಂದು ಬಲಗೈಯನ್ನು ಬೀದಿಯ ಕಡೆ ಚಾಚಿದರು.

“ಅತ್ಲಾಗಲ್ಲ ಭಟ್ರೆ, ಇತ್ಲಾಗೆ,” ಎಂದರು ಪುಟ್ಟಮ್ಮ.

ಸಂಕಲ್ಪದ ನಡುವೆ ಮಾತಾಡಬಾರದು. ಭಟ್ಟರು ಕಣ್ಣಿನಲ್ಲೇ ಗದರಿಸಿ, ಮೊದಲಿನಿಂದ ಹೇಳಿ, ಮತ್ತೆ ಕೈ ಚಾಚಿದರು.

“ನಾನು ಹೇಳದು ಕೇಳ್ಸಲ್ವನ ನಿಮಗೆ? ರೈಲು ಹೋಗ್ತಿದ್ದುದು ಹಿತ್ಲಾಗೆ. ಮುಂದ್ಗಡೆ ಇದ್ದುದು ದಿಮ್ಮಿ ಲೈನು. ನಮ್ಮಪ್ಪ ಅದೇ ಹಳಿ ಮೇಲೆ ದುಡಿದೋನು.”

ಭಟ್ಟರು ಕೈ ಇಳಿಸಿದರು. “ದಿಮ್ಮಿ ಲೈನಾದ್ರೂ ಅದೂ ರೈಲೇ ಅಲ್ವನಮ್ಮ? ಇಂಜಿನ್ ಬತ್ತಿತ್ತಲ್ಲ?”

“ಇಂಜಿನ್ನು ಎಲ್ಲಿಂದ ಬತ್ತದೆ? ಮರದ ದಿಮ್ಮಿ ಬಂಡಿನ ಎತ್ತು ಎಳೀತಿದ್ವು. ಒಂದು ಬಿಳೇದು, ಒಂದು ಕಂದು. ಕಂದು ಹಾಯಕ್ಕೆ ಬತ್ತಿತ್ತು.”

“ಮತ್ತೆ ನಾನು ಕಂಡ ಹಳಿ?”

“ಹಿತ್ಲಾಗಿನ ರೈಲಿಂದು ಮೊದ್ಲು ಕಿತ್ರು. ಇದು ಯಾರಿಗೂ ಬೇಡಾಗಿ ಸುಮಾರು ವರ್ಷ ಬಿದ್ದಿತ್ತು. ಅದನ್ನೇ ಕಂಡಿದೀರಿ ನೀವು.”

ಆ ದಿನ ಭಟ್ಟರು ಗೋದಾವರಿಯ ತೀರದಿಂದ ನೇರವಾಗಿ ಶೇಷಗಿರಿಯ ಗೋತ್ರಕ್ಕೆ ಹಾರಿದರು. ಕಥೆ ಓದುವಾಗ ಎರಡು ಕಡೆ ತಪ್ಪಿದರು. ಊಟಕ್ಕೆ ನಿಲ್ಲದೆ ಮನೆಯ ಹಿಂದಕ್ಕೆ ಹೋದರು.

ಮರುದಿನ ನಾನು ಹೋದಾಗಲೂ ಅವರು ಅಲ್ಲೇ ಇದ್ದರು. ಹಿತ್ತಿಲುಗಳ ಸಾಲು ಮುಗಿಯುವಲ್ಲಿ, ಲಂಟಾನ ಸವರಿದ ಜಾಗದಲ್ಲಿ, ಕಲ್ಲಿನ ಕಮಾನಿನ ಒಂದು ಮೋರಿ ಇತ್ತು. ಬೀದಿಯವರು ಅದರಲ್ಲಿ ಕೋಳಿ ಕೂಡುತ್ತಿದ್ದರು. ಮೋರಿಯ ಮೇಲೆ ಏರಿಯಂತೆ ಉದ್ದಕ್ಕೂ ಮಣ್ಣಿನ ದಿಬ್ಬ. ಅದರ ಅಗಲ ಎರಡು ಮಣೆಗಿಂತ ಸ್ವಲ್ಪ ಹೆಚ್ಚು.

“ನೋಡಿ,” ಎಂದರು ಭಟ್ಟರು. “ಎತ್ತಿನ ಬಂಡಿಗೆ ಯಾರು ಮಾರಾಯ್ರೆ ಇಷ್ಟು ಚಂದದ ಮೋರಿ ಕಟ್ತಾರೆ? ಇಷ್ಟು ವರ್ಷ ಆ ಬೀದಿಯೋರ್ನೆಲ್ಲ ತಪ್ಪು ಮಗ್ಗುಲಲ್ಲಿ ಕೂರ್ಸಿದೀನಿ. ಧೂಮಶಕಟ ಅಂತ ಕೈ ತೋರ್ಸಿದೀನಿ, ಅಲ್ಲಿ ಧೂಮವೇ ಇಲ್ಲ! ಮದುವೆ, ಮುಂಜಿ, ನಾಮಕರಣ, ಎಲ್ಲಾನೂ ಎತ್ತಿನ ಲೈನಿಗೆ ಕಟ್ಟಿಬಿಟ್ಟೆ.”

ಭಟ್ಟರ ಹೆಂಡತಿ ವಿಶಾಲಾಕ್ಷಮ್ಮನವರ ನಿಲುವು ಸ್ಪಷ್ಟವಿತ್ತು. ಅದನ್ನು ನನ್ನ ಎದುರಿಗೇ, ಕಾಫಿ ಲೋಟ ಇಡುವ ಸದ್ದಿನ ಜೊತೆ ಹೇಳಿದರು.

“ಆ ಮುದುಕಿ ಊರಿಗೆ ಹೋದ್ಲು. ಇನ್ನು ಗೊತ್ತಿರೋದು ನಿಮಗೆ, ಕೋಳಿಗೆ. ಮನೆ ಮನೆಗೆ ಹೋಗಿ ನಾನು ತಪ್ಪು ಹೇಳಿದ್ದೆ ಅಂದ್ರೆ ನಾಳೆ ಯಾರು ಕರೀತಾರೆ ನಿಮ್ಮನ್ನ? ಇದು ಬಿಟ್ರೆ ನಿಮಗೆ ಬೇರೆ ಎಂತ ಬತ್ತದೆ? ದೇವರಿಗೆ ದಾರಿ ಗೊತ್ತಿರಲ್ವನ?”

“ದೇವರಿಗೆ ಗೊತ್ತಿತ್ತು ಮಾರಾಯ್ತಿ,” ಎಂದರು ಭಟ್ಟರು. “ಅದಕ್ಕೇ ನಾಚಿಕೆ.”

ಅವರು ನೇರವಾಗಿ ಕೊಪ್ಪಕ್ಕೆ ಬಂದು, ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿದ್ದ ನನ್ನ ಕೋಣೆಯ ಮೆಟ್ಟಿಲು ಹತ್ತಿದರು. ಪತ್ರಿಕೆಯಲ್ಲಿ ತಪ್ಪಾದರೆ ಏನು ಮಾಡುತ್ತೀರಿ ಎಂದು ಕೇಳಿದರು.

“ತಿದ್ದುಪಡಿ ಹಾಕುತ್ತೇವೆ.”

“ಅದೇ ಜಾಗದಲ್ಲಾ? ಅಷ್ಟೇ ದೊಡ್ಡಕ್ಕಾ?”

“ಇಲ್ಲ. ಒಳಪುಟದಲ್ಲಿ. ಸಣ್ಣ ಅಕ್ಷರದಲ್ಲಿ.”

“ಸಣ್ಣ ಅಕ್ಷರ ಯಾಕೆ?”

ನಾನು ಪತ್ರಿಕೆಯ ಡೆಸ್ಕಿಗೆ ಫೋನ್ ಮಾಡಿದೆ. ಹೇಳಿಕೆ ಭಟ್ಟರದು, ಅವರ ಪ್ರಕಾರ ಎಂದೇ ಬರೆದಿದ್ದೇವೆ, ಪತ್ರಿಕೆ ತಿದ್ದುವುದು ಏನೂ ಇಲ್ಲ ಎಂದರು. ಅದನ್ನು ಭಟ್ಟರಿಗೆ ತಿಳಿಸಿದೆ.

“ಹಂಗಾರೆ ತಪ್ಪು ಪೂರ್ತಿ ನಂದೇ ಅಂತಾತು,” ಎಂದು ಎದ್ದರು. “ನಾನು ದೊಡ್ಡ ದನಿಯಲ್ಲಿ ಹೇಳಿದ್ದು. ತಿದ್ದೋದೂ ದೊಡ್ಡ ದನಿಯಲ್ಲೇ.”

ತಿದ್ದುಪಡಿಯ ಮಂತ್ರವನ್ನು ಅವರೇ ಕಟ್ಟಿದರು. ಹಿಂದೆ ಹೇಳಿದ ಸಂಕಲ್ಪದಲ್ಲಿ “ಉತ್ತರೇ ಇತ್ಯಸ್ಯ ಸ್ಥಾನೇ ದಕ್ಷಿಣೇ ಇತಿ ಜ್ಞೇಯಮ್” ಎಂಬುದು ಅದರ ಸಾರ. ಉತ್ತರ ಎಂದಿದ್ದಲ್ಲಿ ದಕ್ಷಿಣ ಎಂದು ತಿಳಿಯತಕ್ಕದ್ದು. ಮೊದಲು ಯಾರು ಯಾರು ಮಣೆಯ ಮೇಲೆ ಕೂತಿದ್ದರೋ ಅವರೇ ಮತ್ತೆ ಕೂರಬೇಕು. ಮದುವೆಯಾದರೆ ಗಂಡ ಹೆಂಡತಿ ಇಬ್ಬರೂ, ಸೆರಗು ಶಲ್ಯ ಗಂಟು ಹಾಕಿಕೊಂಡು. ದಕ್ಷಿಣೆ ಇಲ್ಲ, ತೆಂಗಿನಕಾಯಿ ಭಟ್ಟರೇ ತರುತ್ತಿದ್ದರು.

ಬೀದಿಯಲ್ಲಿ ಗಾಬರಿ ಎದ್ದಿತು. ಉಪನಯನವಾಗಿ, ಮದುವೆಯಾಗಿ, ಮಕ್ಕಳೂ ಆಗಿದ್ದ ಒಬ್ಬರು ತಾವು ಈಗ ಏನಾಗಿದ್ದೇವೆಂದು ತಿಳಿಯದೆ ಶೃಂಗೇರಿಗೆ ಹೋಗಿ ವಿದ್ವಾಂಸರೊಬ್ಬರನ್ನು ಕೇಳಿದರು. ವಿದ್ವಾಂಸರು ತಾಳ್ಮೆಯಿಂದ ಕೇಳಿ, “ಗೋದಾವರಿಯ ದಕ್ಷಿಣ ತೀರ ಅಂತ ಹೇಳಿದ್ರಾ?” ಎಂದರು. ಹೇಳಿದ್ದರು. “ಹಾಗಾದ್ರೆ ಆತು. ಅಷ್ಟು ದೊಡ್ಡ ದಡದಲ್ಲಿ ನಿಮ್ಮ ಬೀದಿ ಬರ್ದೆ ಹೋಗ್ತದಾ? ಎಲ್ಲ ಸರಿಯಾಗೇ ಆಗಿದೆ, ಹೋಗಿ.” ಭಟ್ಟರಿಗೆ ಇದು ಒಳ್ಳೆಯ ಬಿಡುಗಡೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. “ಅವ್ರು ಹೇಳಿದ್ದು ನಿಮಗೆ ದೋಷ ಇಲ್ಲ ಅಂತ. ನಂಗೆ ಇಲ್ಲ ಅಂದ್ರಾ?” ಎಂದು ಕೇಳಿ, ಮುಂದಿನ ಮನೆಯಲ್ಲಿ ಮಣೆ ಇಡಿಸಿದರು.

ಗೃಹಪ್ರವೇಶದ ಮನೆಯ ಯಜಮಾನರು ಬಾಗಿಲಲ್ಲೇ ಅಡ್ಡ ನಿಂತರು. ಬೀದಿಯ ತುದಿಯಲ್ಲಿ ತಿರುಗಿ ಅವರ ಹಾಲ್‌ನಲ್ಲಿ ಹಾಯುತ್ತಿದ್ದದ್ದೂ ಈಗ ದಿಮ್ಮಿ ಲೈನೇ ಆಗಿತ್ತು. “ರೈಲು ನಮ್ಮ ಹಾಲಲ್ಲೇ ಹೋಗ್ತಿತ್ತು ಅಂತ ನೆಂಟ್ರಿಗೆಲ್ಲ ಹೇಳಿದೀನಿ ಭಟ್ರೆ. ಸೋಫಾ ಇಟ್ಟಿರೋದೂ ಹಳಿ ನೋಡ್ಕೊಂಡೇ. ಈಗ ಹೋಗ್ತಿದ್ದುದು ಎತ್ತು ಅನ್ಲಾ?” ಭಟ್ಟರು ಬಹಳ ಹೊತ್ತು ವಾದಿಸಿ, ಕೊನೆಗೆ ಅವರನ್ನು ಸೋಫಾದ ಮೇಲೆಯೇ ಕೂರಿಸಿ, “ಮಧ್ಯೇ” ಎಂದಿದ್ದನ್ನು ತಿದ್ದಿದರು.

ವಿಶಾಲಾಕ್ಷಮ್ಮ ಹೇಳಿದ್ದೂ ಸುಳ್ಳಾಗಲಿಲ್ಲ. ಮುಂದಿನ ಶ್ರಾವಣದಲ್ಲಿ ಆ ಬೀದಿಯ ಹೆಚ್ಚಿನ ಮನೆಗಳು ಕೊಪ್ಪದಿಂದ ಬೇರೆ ಪುರೋಹಿತರನ್ನು ಕರೆಸಿದವು. ತಪ್ಪೇ ಮಾಡದ ಭಟ್ಟರು ಬೇಕು ಎನ್ನುವುದು ಅವರ ವಾದ. ಭಟ್ಟರು ಆ ತಿಂಗಳು ಜಗಲಿಯಲ್ಲಿ ದರ್ಭೆ ಒಣಗಿಸುತ್ತ ಕೂತಿದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಒಂದೊಂದೇ ಮನೆ ಹಿಂದಕ್ಕೆ ಬಂತು. ಯಾಕೆಂದು ಜಯಕ್ಕನನ್ನು ಕೇಳಿದೆ. “ಅವ್ರು ಸೀದಾ ತಂದು ಗೋದಾವರಿ ದಡದಲ್ಲಿ ಬಿಟ್ಟು ಹೋಗ್ತಾರೆ ಮಾರಾಯ್ರೆ. ಅಲ್ಲಿಂದ ಮನೆಗೆ ನಾವೇ ಬರಬೇಕು,” ಎಂದರು.

2008ರ ಹೊತ್ತಿಗೆ ಬೀದಿಯಲ್ಲಿ ತಿದ್ದುಪಡಿಯಾಗದೆ ಉಳಿದದ್ದು ಒಂದೇ ಮನೆ. ಅದು ಜಯಕ್ಕನದು.

ಭಟ್ಟರು ಮೊದಲ ಸಲ ಅಲ್ಲಿಗೆ ಹೋದಾಗ ಶೇಷಗಿರಿ ಜಗಲಿಯಲ್ಲಿದ್ದರು. ವಿಷಯ ಪೂರ್ತಿ ಕೇಳಿ, ದನಿ ತಗ್ಗಿಸಿ, “ಭಟ್ರೆ, ಹಂಗಾರೆ ನಮ್ಮ ಮದುವೆ ಲೆಕ್ಕಕ್ಕಿಲ್ಲ ಅಂತಾತಾ?” ಎಂದರು. ಆ ಮುಖದಲ್ಲಿ ಅಷ್ಟು ಬೆಳಕು ತಾವು ಮದುವೆಯ ದಿನವೂ ಕಂಡಿರಲಿಲ್ಲವೆಂದು ಭಟ್ಟರು ಆಮೇಲೆ ನನಗೆ ಹೇಳಿದರು.

“ಆಸೆ ನೋಡು!” ಎಂದು ಒಳಗಿನಿಂದ ಜಯಕ್ಕನ ದನಿ ಬಂತು. ಹಿಂದೆಯೇ ಜಯಕ್ಕ ಬಂದರು. “ತಿದ್ದದು ಬೇಡ ಭಟ್ರೆ. ಹಂಗೇ ಇರ್ಲಿ. ಇವ್ರು ಜಾಸ್ತಿ ಆಡಿದ ದಿನ, ಮದುವೆನೇ ಸರಿಯಾಗಿಲ್ಲ, ಎದ್ದು ನಡೀರಿ ಅನ್ನಕ್ಕೆ ಒಂದು ಇರ್ಲಿ. ಮನೆ ನಂದು.”

ಶೇಷಗಿರಿ ಮುಖದ ಬೆಳಕು ಆರಿತು. ಅಂದಿನಿಂದ ತಿದ್ದುಪಡಿ ಬೇಕೆಂದು ಭಟ್ಟರ ಹಿಂದೆ ಬಿದ್ದವರು ಅವರೇ. ಅನ್ನ ಮುದ್ದೆಯಾಗಿದೆ ಎನ್ನುವಂತಿಲ್ಲ, ಇಸ್ಪೀಟಿಗೆ ಹೋಗಿ ತಡವಾಗಿ ಬರುವಂತಿಲ್ಲ, ಜಯಕ್ಕ “ಉತ್ತರವೋ ದಕ್ಷಿಣವೋ?” ಎಂದು ಕೇಳಿದರೆ ಸಾಕು, ಸುಮ್ಮನಾಗಬೇಕು. “ನನ್ನೊಬ್ಬನಿಗೇ ತಿದ್ದಿಬಿಡಿ ಭಟ್ರೆ,” ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೈ ಹಿಡಿದು ಕೇಳಿದ್ದನ್ನು ನಾನು ಕೇಳಿದ್ದೇನೆ. “ಒಬ್ಬನಿಗೇ ಆಗಲ್ಲಾ ಶೇಷಗಿರಿ. ಮದುವೆ ಒಬ್ಬನಿಗೇ ಆಗಿದ್ಯಾ?” ಎಂದರು ಭಟ್ಟರು. ಅವರು ಎರಡು ತಿಂಗಳಿಗೊಮ್ಮೆಯಾದರೂ ತೆಂಗಿನಕಾಯಿ ಹಿಡಿದು ಆ ಮನೆಗೆ ಹೋಗುತ್ತಿದ್ದರು. ಜಯಕ್ಕ ಕಾಫಿ ಕೊಟ್ಟು, ತೆಂಗಿನಕಾಯಿಗೆ ಎರಡು ಬಾಳೆಹಣ್ಣು ಸೇರಿಸಿ ವಾಪಸು ಕಳಿಸುತ್ತಿದ್ದರು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಭಟ್ಟರ ಫೋನ್ ಬಂತು. ದನಿ ಇಳಿದಿತ್ತು. ಎದೆಯ ತೊಂದರೆಯೆಂದು ಶಿವಮೊಗ್ಗದ ಡಾಕ್ಟರು ಓಡಾಡಬೇಡಿ ಎಂದಿದ್ದರು. “ನಾಳೆ ಜಯಕ್ಕನ ಮನೆಗೆ ಬನ್ನಿ. ಈ ಸಲ ಬಿಡಲ್ಲ. ನೀವು ಸಾಕ್ಷಿ. ಇದೊಂದು ಬಾಕಿ ಇಟ್ಕೊಂಡು ಹೋದ್ರೆ ಅಲ್ಲಿ ಕೇಳ್ತಾರೆ,” ಎಂದರು.

ಅವರು ಆಟೋದಲ್ಲಿ ಬಂದರು. ಆಟೋದಿಂದ ಜಗಲಿಯವರೆಗೆ ಬರಲು ಎರಡು ಕಡೆ ನಿಂತರು. ಜಯಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಒಳಗೆ ಹೋಗಿ, ರೇಷ್ಮೆ ಸೀರೆ ಉಟ್ಟು ಬಂದು, ದೇವರ ಮುಂದೆ ಎರಡು ಮಣೆಗಳನ್ನು ತಾವೇ ಇಟ್ಟರು.

“ಶೇಷಗಿರಿ ಎಲ್ಲಿ?” ಎಂದರು ಭಟ್ಟರು.

ಭಟ್ಟರು ಬರುವುದು ತಿಳಿಯದೆ ಶೇಷಗಿರಿ ಬೆಳಗಿನ ಬಸ್ಸಿಗೆ ಬಾಳೆಹೊನ್ನೂರಿಗೆ ಹೋಗಿದ್ದರು. ಮೊಬೈಲು ಮನೆಯ ಕಿಟಕಿಯಲ್ಲೇ ಇತ್ತು.

“ಬೇಕಾದಾಗ ಇರಲ್ಲ, ಬೇಡಾದಾಗ ಎದುರಿಗೇ ಕೂತಿರ್ತಾರೆ,” ಎಂದು ಜಯಕ್ಕ ಮಣೆಯೊಂದರ ಮೇಲೆ ಕೂತರು. ಭಟ್ಟರು ಎದುರಿಗೆ ಕೂತರು. ಮಧ್ಯಾಹ್ನದ ಬಸ್ಸಿನಲ್ಲಿ ಶೇಷಗಿರಿ ಬರಲಿಲ್ಲ. ಊಟವಾಯಿತು. ಭಟ್ಟರು ಗೋಡೆಗೆ ಒರಗಿ ತಮ್ಮ ತಂದೆಯ ಕಥೆಯೊಂದನ್ನು ಶುರು ಮಾಡಿ ನಡುವೆಯೇ ನಿದ್ದೆ ಹೋದರು. ಸಂಜೆಯ ಬಸ್ಸಿನಲ್ಲೂ ಶೇಷಗಿರಿ ಬರಲಿಲ್ಲ; ದಾರಿಯಲ್ಲಿ ಮರ ಬಿದ್ದು ಬಸ್ಸೇ ಬಂದಿರಲಿಲ್ಲ. ಕತ್ತಲಾಗುವ ಮೊದಲು ಆಟೋದವನು ಬಂದು ನಿಂತ.

“ನಾಳೆ ನಾವಿಬ್ರೂ ನಿಮ್ಮನೆಗೇ ಬತ್ತೀವಿ ಭಟ್ರೆ,” ಎಂದರು ಜಯಕ್ಕ. “ಕಟ್ಟಿ ಹಾಕಿಯಾದ್ರೂ ಕರ್ಕೊಂಡು ಬತ್ತೀನಿ.”

“ನಮ್ಮನೇಲಿ ಆಗಲ್ಲಮ್ಮ. ಆದ ಜಾಗದಲ್ಲೇ ಆಗ್ಬೇಕು,” ಎಂದರು ಭಟ್ಟರು. “ನಾನೇ ಬತ್ತೀನಿ. ಒಂದೆರಡು ದಿನ ಬಿಟ್ಟು.”

ಸುಬ್ರಾಯ ಭಟ್ಟರು ಅದೇ ವಾರ ತೀರಿಕೊಂಡರು. ನಾನು ನಾಲ್ಕು ಸಾಲಿನ ನಿಧನ ವಾರ್ತೆ ಕಳಿಸಿದೆ, ಒಳಪುಟದಲ್ಲಿ ಬಂತು. ಉಗಿ ರೈಲಿನ ಉತ್ಸಾಹಿಗಳು ಆಮೇಲೆ ಮತ್ತೊಮ್ಮೆ ಸಭೆ ಸೇರಿದ ವರದಿ ನನಗೆ ಸಿಕ್ಕಿಲ್ಲ.

ಹಿಂದಿನ ಬೀದಿಗೆ ಈಗ ಕೊಪ್ಪದಿಂದ ತರುಣ ಪುರೋಹಿತರೊಬ್ಬರು ಬರುತ್ತಾರೆ. 2009ರ ಬೇಸಿಗೆಯಲ್ಲಿ ಜಯಕ್ಕ ಅವರನ್ನು ಕರೆಸಿ, ಶೇಷಗಿರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಟು ಹಾಕಿಕೊಂಡು, ತಿದ್ದುಪಡಿಯನ್ನು ಹೇಳಿಸಲು ನೋಡಿದರು. ಮಂತ್ರ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಪುರೋಹಿತರು ಒಪ್ಪಲಿಲ್ಲ. “ನಾನು ಹೇಳದ ಸಂಕಲ್ಪವನ್ನ ನಾನು ತಿದ್ದೋದು ಹೆಂಗಮ್ಮ? ಹೇಳಿದೋರೇ ತಿದ್ಬೇಕು,” ಎಂದರು.

ಶೇಷಗಿರಿ ಮತ್ತು ಜಯಕ್ಕ ಅದೇ ಮನೆಯಲ್ಲಿದ್ದಾರೆ. ಅವರ ಮದುವೆ ಈವರೆಗೆ ಹಳಿಯ ಉತ್ತರಕ್ಕಿದೆ.